ನಾಯಕತ್ವ ಪ್ರಶಸ್ತಿ: ಫಲಕ ಹೇಳುವುದೆಷ್ಟು, ಲೆಕ್ಕದ ಪುಸ್ತಕ ಹೇಳುವುದೆಷ್ಟು?

ಪ್ರತಿ ವರ್ಷ ಗಣರಾಜ್ಯೋತ್ಸವದ ಮುನ್ನಾದಿನ ಪದ್ಮ ಪ್ರಶಸ್ತಿಗಳ ಪಟ್ಟಿ ಪ್ರಕಟವಾಗುತ್ತದೆ. ಅದರಲ್ಲಿ ತಂತ್ರಜ್ಞಾನ ಕಂಪನಿಯ ಮುಖ್ಯಸ್ಥರೊಬ್ಬರ ಹೆಸರಿದ್ದರೆ ಮರುದಿನ ಎಲ್ಲ ಪತ್ರಿಕೆಗಳಲ್ಲೂ ಅವರದೇ ಭಾವಚಿತ್ರ. ಇದಲ್ಲದೆ ವರ್ಷವಿಡೀ ಬೆಂಗಳೂರು, ಮುಂಬೈ, ದೆಹಲಿಯ ದೊಡ್ಡ ಹೋಟೆಲ್‌ಗಳ ಸಭಾಂಗಣಗಳಲ್ಲಿ 'ವರ್ಷದ ಉದ್ಯಮಿ', 'ಉದ್ಯಮ ನಾಯಕ', 'ಅತ್ಯುತ್ತಮ ಸಿಇಒ' ಎಂಬ ಹೆಸರಿನ ಪ್ರಶಸ್ತಿ ಸಮಾರಂಭಗಳು ನಡೆಯುತ್ತಲೇ ಇರುತ್ತವೆ. ಶಾಲು, ಹಾರ, ಫಲಕ, ಫೋಟೋ, ಮರುದಿನ ವಾಟ್ಸಾಪ್‌ನಲ್ಲಿ ಅಭಿನಂದನೆ.

ಸಾಧಕರನ್ನು ಗೌರವಿಸುವುದು ಒಳ್ಳೆಯ ಪದ್ಧತಿಯೇ. ಆದರೆ ಈ ಸುದ್ದಿಗಳು ಓದಿ ಮರೆಯುವಂಥವಲ್ಲ. ಇಂದು ರಾಜ್ಯದ ಬಹುತೇಕ ವ್ಯಾಪಾರಿ ಕುಟುಂಬಗಳಲ್ಲಿ ಒಬ್ಬ ಮಗನೋ ಮಗಳೋ ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾರೆ. ಅಂಗಡಿಯ ಉಳಿತಾಯದ ಒಂದು ಪಾಲು ಷೇರು ಮತ್ತು ಮ್ಯೂಚುವಲ್ ಫಂಡ್‌ಗಳಲ್ಲಿದೆ. ಸಂಬಂಧ ನೋಡುವಾಗಲೂ ಹುಡುಗ ಯಾವ ಕಂಪನಿಯಲ್ಲಿದ್ದಾನೆ ಎಂದು ಮೊದಲು ಕೇಳುತ್ತಾರೆ. ಕಂಪನಿಯ ಮುಖ್ಯಸ್ಥರಿಗೆ ಪ್ರಶಸ್ತಿ ಬಂತೆಂದರೆ ಆ ಕಂಪನಿಯ ಮೇಲೆ ಮನೆಯವರ ನಂಬಿಕೆ ತಾನಾಗಿಯೇ ಹೆಚ್ಚುತ್ತದೆ. ನಂಬಿಕೆ ಹೆಚ್ಚಿದ ಕಡೆ ಹಣವೂ ಹೋಗುತ್ತದೆ, ಮಕ್ಕಳೂ ಹೋಗುತ್ತಾರೆ. ಆದ್ದರಿಂದ ಪ್ರಶಸ್ತಿ ಎಂಬುದು ನಿಜವಾಗಿ ಏನನ್ನು ದೃಢೀಕರಿಸುತ್ತದೆ, ಏನನ್ನು ದೃಢೀಕರಿಸುವುದಿಲ್ಲ ಎಂಬುದನ್ನು ತಿಳಿದುಕೊಳ್ಳುವುದು ಪ್ರತಿ ಮನೆಗೂ ಅಗತ್ಯ.

ಒಂದೇ ಪ್ರಶಸ್ತಿ, ಎರಡು ಕಥೆ

ಅರ್ನ್‌ಸ್ಟ್ ಅಂಡ್ ಯಂಗ್ ಎಂಬ ಅಂತರರಾಷ್ಟ್ರೀಯ ಲೆಕ್ಕಪತ್ರ ಸಲಹಾ ಸಂಸ್ಥೆ 'ವರ್ಷದ ಉದ್ಯಮಿ' ಪ್ರಶಸ್ತಿಯನ್ನು ನೀಡುತ್ತ ಬಂದಿದೆ. ಪ್ರತಿ ದೇಶದಲ್ಲೂ ಒಬ್ಬರನ್ನು ಆರಿಸಿ, ಅವರಲ್ಲಿ ಒಬ್ಬರಿಗೆ ವಿಶ್ವ ಮಟ್ಟದ ಪ್ರಶಸ್ತಿ ಕೊಡುತ್ತಾರೆ. 2003ರಲ್ಲಿ ವಿಶ್ವ ಮಟ್ಟದ ಈ ಪ್ರಶಸ್ತಿ ಇನ್ಫೋಸಿಸ್‌ನ ಎನ್.ಆರ್. ನಾರಾಯಣ ಮೂರ್ತಿ ಅವರಿಗೆ ಬಂತು. ಕರ್ನಾಟಕಕ್ಕೆ ಅದು ಹೆಮ್ಮೆಯ ಸಂಗತಿಯಾಗಿತ್ತು. 1981ರಲ್ಲಿ ಏಳು ಮಂದಿ ಸೇರಿ 10,000 ರೂಪಾಯಿ ಬಂಡವಾಳದಿಂದ ಕಟ್ಟಿದ ಕಂಪನಿ 1993ರಲ್ಲಿ ಷೇರು ಮಾರುಕಟ್ಟೆಗೆ ಬಂದು, 1999ರಲ್ಲಿ ಅಮೆರಿಕದ ನಾಸ್ಡಾಕ್‌ನಲ್ಲೂ ಸ್ಥಾನ ಪಡೆದಿತ್ತು.

ನಾಲ್ಕು ವರ್ಷಗಳ ನಂತರ, 2007ರಲ್ಲಿ, ಅದೇ ಸಂಸ್ಥೆಯ ಭಾರತ ಮಟ್ಟದ ಪ್ರಶಸ್ತಿ ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್‌ನ ಬಿ. ರಾಮಲಿಂಗ ರಾಜು ಅವರಿಗೆ ದೊರೆಯಿತು. ಮರು ವರ್ಷ, 2008ರ ಸೆಪ್ಟೆಂಬರ್‌ನಲ್ಲಿ, ಉತ್ತಮ ಕಂಪನಿ ಆಡಳಿತಕ್ಕಾಗಿ ನೀಡುವ 'ಗೋಲ್ಡನ್ ಪೀಕಾಕ್' ಜಾಗತಿಕ ಪ್ರಶಸ್ತಿಯೂ ಸತ್ಯಂಗೆ ಬಂತು.

ಅದಾಗಿ ನಾಲ್ಕು ತಿಂಗಳೂ ಕಳೆದಿರಲಿಲ್ಲ. 2009ರ ಜನವರಿ 7ರಂದು ರಾಜು ಅವರು ಕಂಪನಿಯ ನಿರ್ದೇಶಕರ ಮಂಡಳಿಗೆ ಪತ್ರ ಬರೆದು, ಹಲವು ವರ್ಷಗಳಿಂದ ಲೆಕ್ಕವನ್ನು ಹಿಗ್ಗಿಸಿ ತೋರಿಸಲಾಗಿದೆ ಎಂದು ಒಪ್ಪಿಕೊಂಡರು. ಒಂದೇ ದಿನದಲ್ಲಿ ಷೇರಿನ ಬೆಲೆ ಮುಕ್ಕಾಲು ಪಾಲಿಗಿಂತಲೂ ಹೆಚ್ಚು ಕುಸಿಯಿತು. ಗೋಲ್ಡನ್ ಪೀಕಾಕ್ ಪ್ರಶಸ್ತಿಯನ್ನು ಹಿಂಪಡೆಯಲಾಯಿತು. ಆದರೆ ಫಲಕ ನೋಡಿ ಷೇರು ಕೊಂಡವರ ಹಣ ಹಿಂದಿರುಗಲಿಲ್ಲ.

ಗಲ್ಲಾಪೆಟ್ಟಿಗೆ ಯಾರೂ ಎಣಿಸಲಿಲ್ಲ

ಆ ಪತ್ರದಲ್ಲಿದ್ದ ಅಂಕಿಗಳು ವ್ಯಾಪಾರ ಬಲ್ಲ ಯಾರಿಗಾದರೂ ಅರ್ಥವಾಗುವಂಥವು. 2008ರ ಸೆಪ್ಟೆಂಬರ್ 30ಕ್ಕೆ ಕಂಪನಿಯ ಪುಸ್ತಕದಲ್ಲಿ ನಗದು ಮತ್ತು ಬ್ಯಾಂಕ್ ಶಿಲ್ಕು 5,361 ಕೋಟಿ ರೂಪಾಯಿ ಎಂದಿತ್ತು. ಅದರಲ್ಲಿ 5,040 ಕೋಟಿ ಇರಲೇ ಇಲ್ಲ. ಇಲ್ಲದ ಆ ಹಣಕ್ಕೆ ಬಡ್ಡಿ ಬಂದಿದೆ ಎಂದು 376 ಕೋಟಿ ಬರೆಯಲಾಗಿತ್ತು. ಕೊಡಬೇಕಿದ್ದ 1,230 ಕೋಟಿ ಬಾಕಿಯನ್ನು ಪುಸ್ತಕಕ್ಕೆ ಹತ್ತಿಸಿರಲಿಲ್ಲ. ಬರಬೇಕಾದ ಉದ್ರಿಯನ್ನು 490 ಕೋಟಿ ಹೆಚ್ಚಾಗಿ ತೋರಿಸಲಾಗಿತ್ತು. ನಾಲ್ಕನ್ನೂ ಕೂಡಿದರೆ 7,136 ಕೋಟಿ.

ಇನ್ನೊಂದು ಲೆಕ್ಕ ಇನ್ನೂ ಮುಖ್ಯ. ಆ ತ್ರೈಮಾಸಿಕದಲ್ಲಿ ವಹಿವಾಟು 2,700 ಕೋಟಿ, ಅದರ ಮೇಲಿನ ಕಾರ್ಯಾಚರಣೆ ಲಾಭ 649 ಕೋಟಿ, ಅಂದರೆ 24% ಎಂದು ಪ್ರಕಟಿಸಲಾಗಿತ್ತು. ನಿಜವಾದ ವಹಿವಾಟು 2,112 ಕೋಟಿ, ಲಾಭ ಕೇವಲ 61 ಕೋಟಿ, ಅಂದರೆ 3%. ನೂರು ರೂಪಾಯಿ ವ್ಯಾಪಾರಕ್ಕೆ ಮೂರು ರೂಪಾಯಿ ಉಳಿಯುತ್ತಿದ್ದ ಕಡೆ ಇಪ್ಪತ್ನಾಲ್ಕು ರೂಪಾಯಿ ಉಳಿಯುತ್ತಿದೆ ಎಂದು ಹೇಳಿದ ಕಂಪನಿಯ ಮುಖ್ಯಸ್ಥರಿಗೆ ನಾಯಕತ್ವದ ಪ್ರಶಸ್ತಿ ಸಂದಿತ್ತು.

ಹಾಗಾದರೆ ಪ್ರಶಸ್ತಿ ಕೊಟ್ಟವರೂ ಮೋಸದಲ್ಲಿ ಪಾಲುದಾರರೇ? ಹಾಗೆ ಹೇಳಲು ಆಧಾರವಿಲ್ಲ. ತೀರ್ಪುಗಾರರ ಮುಂದೆ ಇದ್ದದ್ದು ಕಾಗದ. ಅರ್ಜಿ, ವಾರ್ಷಿಕ ವರದಿ, ಲೆಕ್ಕಪರಿಶೋಧಕರ ಸಹಿ, ನಿರ್ದೇಶಕರ ಪಟ್ಟಿ. ಸತ್ಯಂನ ನಿರ್ದೇಶಕರ ಮಂಡಳಿಯಲ್ಲಿ ಹಾರ್ವರ್ಡ್‌ನ ಪ್ರಾಧ್ಯಾಪಕರಿದ್ದರು, ಕೇಂದ್ರದ ನಿವೃತ್ತ ಸಂಪುಟ ಕಾರ್ಯದರ್ಶಿಗಳಿದ್ದರು. ಕಂಪನಿ 2001ರಿಂದ ನ್ಯೂಯಾರ್ಕ್ ಷೇರುಪೇಟೆಯಲ್ಲೂ ಇತ್ತು. ಕಾಗದದ ಮೇಲೆ ಎಲ್ಲವೂ ಸರಿಯಾಗಿತ್ತು. ಬ್ಯಾಂಕಿನಲ್ಲಿ ಹಣ ಇದೆಯೇ ಎಂದು ನೋಡುವುದು ಪ್ರಶಸ್ತಿ ಸಮಿತಿಯ ಕೆಲಸವಾಗಿರಲಿಲ್ಲ. ಯಾರ ಕೆಲಸವಾಗಿತ್ತೋ ಅವರು ಮಾಡಲಿಲ್ಲ.

ಇಲ್ಲೇ ಪ್ರಶಸ್ತಿಯ ಮಿತಿ ಇದೆ. ಪರಿಶೋಧಕರ ಸಹಿಯನ್ನು ನಿರ್ದೇಶಕರು ನಂಬಿದರು. ನಿರ್ದೇಶಕರ ಹೆಸರನ್ನು ಪ್ರಶಸ್ತಿ ಸಮಿತಿ ನಂಬಿತು. ಪ್ರಶಸ್ತಿಯನ್ನು ಹೂಡಿಕೆದಾರರು ನಂಬಿದರು. ಪ್ರತಿಯೊಬ್ಬರೂ ಇನ್ನೊಬ್ಬರು ನೋಡಿರುತ್ತಾರೆ ಎಂದುಕೊಂಡರು. ಗಲ್ಲಾಪೆಟ್ಟಿಗೆ ತೆರೆದು ಎಣಿಸಿದವರು ಒಬ್ಬರೂ ಇಲ್ಲ. ಸತ್ಯಂ ಎಂದೇ ಹೆಸರಿಟ್ಟುಕೊಂಡ ಕಂಪನಿಯಲ್ಲಿ ಇದು ನಡೆಯಿತು ಎಂಬುದು ಮರೆಯಲಾಗದ ಮಾತು.

2015ರ ಏಪ್ರಿಲ್‌ನಲ್ಲಿ ಹೈದರಾಬಾದಿನ ವಿಶೇಷ ನ್ಯಾಯಾಲಯ ರಾಜು ಸೇರಿದಂತೆ ಹತ್ತು ಮಂದಿಯನ್ನು ತಪ್ಪಿತಸ್ಥರೆಂದು ತೀರ್ಪು ನೀಡಿ, ರಾಜು ಅವರಿಗೆ 7 ವರ್ಷಗಳ ಶಿಕ್ಷೆ ವಿಧಿಸಿತು. ಮೇಲ್ಮನವಿಯ ನಂತರ ಮರು ತಿಂಗಳೇ ಶಿಕ್ಷೆಯನ್ನು ಅಮಾನತಿನಲ್ಲಿಟ್ಟು ಜಾಮೀನು ನೀಡಲಾಯಿತು.

ಇದೇ ವ್ಯಕ್ತಿಯ ಇನ್ನೊಂದು ಮುಖವನ್ನೂ ಹೇಳದೆ ಬಿಟ್ಟರೆ ನ್ಯಾಯವಾಗದು. 108 ಆಂಬ್ಯುಲೆನ್ಸ್ ಸೇವೆಯನ್ನು 2005ರಲ್ಲಿ ಆಂಧ್ರಪ್ರದೇಶದಲ್ಲಿ ಆರಂಭಿಸಿದ ಸಂಸ್ಥೆಯನ್ನು ಕಟ್ಟಿದವರು ರಾಜು ಅವರೇ. 2008ರ ನವೆಂಬರ್‌ನಲ್ಲಿ ಅದು 'ಆರೋಗ್ಯ ಕವಚ' ಎಂಬ ಹೆಸರಿನಲ್ಲಿ ಕರ್ನಾಟಕಕ್ಕೂ ಬಂತು. ರಸ್ತೆ ಅಪಘಾತ, ಹೆರಿಗೆ, ಹೃದಯಾಘಾತದ ಹೊತ್ತಿನಲ್ಲಿ ಆ ಮೂರು ಅಂಕಿಗಳಿಂದ ಬದುಕಿದವರು ರಾಜ್ಯದ ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ. ಒಂದು ವಸ್ತುವನ್ನು ಒಂದೇ ಕಡೆಯಿಂದ ನೋಡಿ ತೀರ್ಮಾನಿಸಬಾರದು ಎಂಬ ಅನೇಕಾಂತದ ಮಾತು ಓದುಗರಿಗೆ ಹೊಸದಲ್ಲ. ಆಂಬ್ಯುಲೆನ್ಸ್ ಓಡಿಸಿದ್ದು ನಿಜ, ಲೆಕ್ಕ ತಿದ್ದಿದ್ದೂ ನಿಜ. ಒಂದು ಇನ್ನೊಂದನ್ನು ಅಳಿಸುವುದಿಲ್ಲ. ಫಲಕದ ಮೇಲಿನ ಒಂದು ಸಾಲು ಇಷ್ಟನ್ನೆಲ್ಲ ಹೇಳಲಾರದು.

ಪ್ರಶಸ್ತಿಗಳಲ್ಲಿ ಎಷ್ಟು ಬಗೆ

ಎಲ್ಲ ಪ್ರಶಸ್ತಿಗಳೂ ಒಂದೇ ತೂಕದವಲ್ಲ. ಸ್ಥೂಲವಾಗಿ ಮೂರು ಬಗೆ ಎನ್ನಬಹುದು.

ಮೊದಲನೆಯದು ಸರ್ಕಾರದ ಗೌರವ. ಪದ್ಮ ಪ್ರಶಸ್ತಿಗಳು 1954ರಲ್ಲಿ ಆರಂಭವಾದವು. ಯಾವ ನಾಗರಿಕರು ಬೇಕಾದರೂ ಅಂತರ್ಜಾಲದಲ್ಲಿ ಹೆಸರು ಸೂಚಿಸಬಹುದು. ಸಂಪುಟ ಕಾರ್ಯದರ್ಶಿಗಳ ಅಧ್ಯಕ್ಷತೆಯ ಸಮಿತಿ ಪರಿಶೀಲಿಸಿ ಪ್ರಧಾನಿ ಮತ್ತು ರಾಷ್ಟ್ರಪತಿಗಳಿಗೆ ಶಿಫಾರಸು ಮಾಡುತ್ತದೆ. ವಿದೇಶಿಯರು ಮತ್ತು ಮರಣೋತ್ತರ ಪ್ರಶಸ್ತಿಗಳನ್ನು ಬಿಟ್ಟರೆ ವರ್ಷಕ್ಕೆ 120ಕ್ಕಿಂತ ಹೆಚ್ಚು ಕೊಡುವಂತಿಲ್ಲ. ನಗದು ಇಲ್ಲ, ಪದಕ ಮತ್ತು ಸನ್ನದು ಮಾತ್ರ. ಇದು ಬಿರುದಲ್ಲ, ಹೆಸರಿನ ಮುಂದೆ ಅಥವಾ ಹಿಂದೆ ಸೇರಿಸಿಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಕೊಟ್ಟ ಪ್ರಶಸ್ತಿಯನ್ನು ರದ್ದುಪಡಿಸುವ ಅಧಿಕಾರ ರಾಷ್ಟ್ರಪತಿಗಳಿಗೆ ಇದೆ.

ಎರಡನೆಯದು ಉದ್ಯಮ ಸಂಘಗಳು, ಪತ್ರಿಕೆಗಳು, ಸಲಹಾ ಸಂಸ್ಥೆಗಳು ಕೊಡುವ ಪ್ರಶಸ್ತಿ. ಇವುಗಳಲ್ಲಿ ತೀರ್ಪುಗಾರರು ಹೆಸರಾಂತರಾಗಿರುತ್ತಾರೆ. ಆದರೆ ಕೊಡುವವರಿಗೂ ಪಡೆಯುವವರಿಗೂ ವ್ಯವಹಾರದ ನಂಟು ಇರಬಹುದು. ಇಂದು ಪ್ರಶಸ್ತಿ ಪಡೆದ ಕಂಪನಿ ನಾಳೆ ಜಾಹೀರಾತುದಾರನೋ ಗಿರಾಕಿಯೋ ಆಗಿರುತ್ತದೆ. ಇದು ತಪ್ಪೆಂದಲ್ಲ, ಆದರೆ ತಿಳಿದಿರಬೇಕಾದ ಸಂಗತಿ.

ಮೂರನೆಯದು ದುಡ್ಡು ಕೊಟ್ಟರೆ ಸಿಗುವ ಪ್ರಶಸ್ತಿ. ಮೊದಲು ಒಂದು ಇ-ಮೇಲ್ ಬರುತ್ತದೆ, 'ತಾವು ಆಯ್ಕೆಯಾಗಿದ್ದೀರಿ' ಎಂದು. ಆಮೇಲೆ ನೋಂದಣಿ ಶುಲ್ಕ, ಭೋಜನದ ಮೇಜಿನ ಶುಲ್ಕ, ಫೋಟೋ ಮತ್ತು ಸಂದರ್ಶನ ಪ್ರಕಟಣೆಯ ಶುಲ್ಕ. ಅರ್ಜಿ ಹಾಕದೆಯೇ ಪ್ರಶಸ್ತಿ ಬಂದು, ಅದರ ಹಿಂದೆ ಬಿಲ್ಲು ಬಂದರೆ ಅದು ಪ್ರಶಸ್ತಿಯಲ್ಲ, ಜಾಹೀರಾತು. ಸಣ್ಣ ಸ್ಟಾರ್ಟ್‌ಅಪ್ ನಡೆಸುವ ಯುವಕರು ಇದಕ್ಕೆ ಬೇಗ ಸಿಕ್ಕಿಬೀಳುತ್ತಾರೆ. ತೊಂದರೆಯೆಂದರೆ, ವೇದಿಕೆಯ ಫೋಟೋದಲ್ಲಿ ಈ ಮೂರೂ ಒಂದೇ ಥರ ಕಾಣುತ್ತವೆ.

ಪ್ರಶಸ್ತಿ ಬಂದ ಮೇಲೆ

ಪ್ರಶಸ್ತಿ ಬಂದ ನಂತರ ಮುಖ್ಯಸ್ಥರ ಕೆಲಸ ಹೇಗಿರುತ್ತದೆ? ಅರ್ಥಶಾಸ್ತ್ರಜ್ಞರಾದ ಉಲ್ರಿಕೆ ಮಾಲ್ಮೆಂಡಿಯರ್ ಮತ್ತು ಜೆಫ್ರಿ ಟೇಟ್ ಅಮೆರಿಕದ ಪ್ರಶಸ್ತಿ ವಿಜೇತ ಸಿಇಒಗಳ ಬಗ್ಗೆ ನಡೆಸಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಅದೇ ಬಗೆಯ ಅರ್ಹತೆ ಇದ್ದೂ ಪ್ರಶಸ್ತಿ ಬಾರದವರ ಜೊತೆ ಇವರನ್ನು ಹೋಲಿಸಿ ನೋಡಿದರು. ಪ್ರಶಸ್ತಿಯ ನಂತರ ಇವರ ಸಂಬಳ, ಭತ್ಯೆ ಏರಿತು. ಕಂಪನಿಯ ಸಾಧನೆ ಮಾತ್ರ ಹಿಂದಿಗಿಂತಲೂ, ಪ್ರಶಸ್ತಿ ಬಾರದವರಿಗಿಂತಲೂ ಹಿಂದೆ ಬಿತ್ತು. ಪುಸ್ತಕ ಬರೆಯುವುದು, ಬೇರೆ ಕಂಪನಿಗಳ ಮಂಡಳಿಗಳಲ್ಲಿ ಕೂರುವುದು ಮುಂತಾದ ಹೊರಗಿನ ಕೆಲಸಗಳು ಹೆಚ್ಚಿದವು. ಮುಖ್ಯವಾದ ಮಾತೆಂದರೆ, ಈ ದುಷ್ಪರಿಣಾಮ ಎಲ್ಲ ಕಡೆ ಸಮಾನವಾಗಿರಲಿಲ್ಲ. ಮಾಲೀಕರ ಮತ್ತು ಮಂಡಳಿಯ ನಿಗಾ ದುರ್ಬಲವಾಗಿದ್ದ ಕಂಪನಿಗಳಲ್ಲೇ ಇದು ಹೆಚ್ಚು ಕಂಡಿತು.

ಅಂದರೆ ಪ್ರಶಸ್ತಿಯೇ ಕೆಡುಕಲ್ಲ. ಪ್ರಶಸ್ತಿ ಬಂತೆಂದು ಪ್ರಶ್ನೆ ಕೇಳುವುದನ್ನು ನಿಲ್ಲಿಸುವುದು ಕೆಡುಕು. ಅಂಗಡಿಯಲ್ಲಿ ಇಪ್ಪತ್ತು ವರ್ಷ ನಂಬಿಗಸ್ತನಾಗಿದ್ದ ಗುಮಾಸ್ತನಿದ್ದರೂ ಸಂಜೆ ರೋಕಡ್ ತಾಳೆ ನೋಡುವ ಪದ್ಧತಿಯನ್ನು ಯಾರೂ ಬಿಡುವುದಿಲ್ಲ. ತಾಳೆ ನೋಡುವುದು ಅವಮಾನವಲ್ಲ. ಅದು ಗುಮಾಸ್ತನಿಗೂ ರಕ್ಷಣೆ.

ಕಾಲದ ಪರೀಕ್ಷೆ ಗೆದ್ದವರು

ಇಷ್ಟು ಹೇಳಿದ ಮಾತ್ರಕ್ಕೆ ತಂತ್ರಜ್ಞಾನ ಕ್ಷೇತ್ರದ ಗೌರವಗಳೆಲ್ಲ ಪೊಳ್ಳು ಎಂದು ಭಾವಿಸಬಾರದು. ಸರಿಯಾದವರಿಗೆ ಸಂದ ಗೌರವಗಳೂ ಇವೆ, ಅವುಗಳಿಂದ ಕಲಿಯುವುದೂ ಇದೆ.

ಭಾರತದ ಸಾಫ್ಟ್‌ವೇರ್ ಉದ್ಯಮದ ಪಿತಾಮಹ ಎನಿಸಿದ ಎಫ್.ಸಿ. ಕೊಹ್ಲಿ 1969ರಲ್ಲಿ ಟಿಸಿಎಸ್ ಹೊಣೆ ಹೊತ್ತರು. ಆಗ ದೇಶದಲ್ಲಿ ಕಂಪ್ಯೂಟರ್ ತರಿಸುವುದೇ ಕಷ್ಟವಾಗಿತ್ತು. ಅವರಿಗೆ ಪದ್ಮಭೂಷಣ ಬಂದದ್ದು 2002ರಲ್ಲಿ, ಮೂವತ್ತಮೂರು ವರ್ಷಗಳ ನಂತರ. ಅಧಿಕಾರದಿಂದ ಇಳಿದ ಮೇಲೆ ಅವರು ಕಂಪ್ಯೂಟರ್ ಬಳಸಿ ವಯಸ್ಕರಿಗೆ ತಾಯ್ನುಡಿಯಲ್ಲಿ ಓದು ಕಲಿಸುವ ಕೆಲಸಕ್ಕೆ ಒತ್ತು ಕೊಟ್ಟರು.

ಅಜೀಂ ಪ್ರೇಮ್‌ಜಿ 1966ರಲ್ಲಿ ತಂದೆ ತೀರಿಕೊಂಡಾಗ 21ನೇ ವಯಸ್ಸಿನಲ್ಲಿ ಓದು ಬಿಟ್ಟು ಬಂದು ವನಸ್ಪತಿ ಮತ್ತು ಅಡುಗೆ ಎಣ್ಣೆಯ ಕಂಪನಿಯ ಹೊಣೆ ಹೊತ್ತರು. ಅದನ್ನೇ ಮುಂದೆ ಬೆಂಗಳೂರಿನ ವಿಪ್ರೋ ಆಗಿ ಬೆಳೆಸಿದರು. ಪದ್ಮಭೂಷಣ ಬಂದದ್ದು 2005ರಲ್ಲಿ, ಪದ್ಮವಿಭೂಷಣ 2011ರಲ್ಲಿ. 2019ರ ಮಾರ್ಚ್‌ನಲ್ಲಿ ಅವರು ಇನ್ನಷ್ಟು ಷೇರುಗಳ ಆದಾಯವನ್ನು ತಮ್ಮ ಪ್ರತಿಷ್ಠಾನಕ್ಕೆ ಮೀಸಲಿಟ್ಟಾಗ, ವಿಪ್ರೋದ 67% ಪಾಲಿನ ಫಲ ಧರ್ಮಕಾರ್ಯಕ್ಕೆ ಸೇರಿದಂತಾಯಿತು. ಅಂದಿನ ಬೆಲೆಯಲ್ಲಿ ಒಟ್ಟು ಮೊತ್ತ ಸುಮಾರು 1,45,000 ಕೋಟಿ ರೂಪಾಯಿ. ಸರ್ಕಾರಿ ಶಾಲೆಗಳ ಶಿಕ್ಷಕರ ತರಬೇತಿಗೆ ಆ ಪ್ರತಿಷ್ಠಾನ ರಾಜ್ಯದ ಹಿಂದುಳಿದ ಜಿಲ್ಲೆಗಳಲ್ಲಿ ಕೆಲಸ ಮಾಡುತ್ತಿದೆ.

2022ರಲ್ಲಿ ಮೈಕ್ರೋಸಾಫ್ಟ್‌ನ ಸತ್ಯ ನಾದೆಲ್ಲ ಮತ್ತು ಗೂಗಲ್‌ನ ಸುಂದರ್ ಪಿಚೈ ಇಬ್ಬರಿಗೂ ಪದ್ಮಭೂಷಣ ಘೋಷಣೆಯಾಯಿತು. ನಾದೆಲ್ಲ ಓದಿದ್ದು ಮಣಿಪಾಲದಲ್ಲಿ. 1992ರಲ್ಲಿ ಮೈಕ್ರೋಸಾಫ್ಟ್ ಸೇರಿದವರು 2014ರಲ್ಲಿ ಅದರ ಮುಖ್ಯಸ್ಥರಾದರು. ಒಂದೇ ಕಡೆ ಇಪ್ಪತ್ತೆರಡು ವರ್ಷ ದುಡಿದ ನಂತರ ಬಂದ ಸ್ಥಾನವದು.

ಇವರೆಲ್ಲರಲ್ಲಿ ಸಾಮಾನ್ಯವಾದದ್ದು ಕಾಲ. ಗೌರವ ಬಂದದ್ದು ದಶಕಗಳ ಕೆಲಸದ ನಂತರ. ಒಂದು ವರ್ಷದ ಲಾಭ ನೋಡಿ ಕೊಟ್ಟ ಪ್ರಶಸ್ತಿಗೂ ಮೂವತ್ತು ವರ್ಷದ ನಡತೆ ನೋಡಿ ಕೊಟ್ಟ ಪ್ರಶಸ್ತಿಗೂ ವ್ಯತ್ಯಾಸವಿದೆ. ಹಾಗೆಂದು ಇವರು ಹೇಳಿದ್ದೆಲ್ಲ ವೇದವಾಕ್ಯವೂ ಅಲ್ಲ. ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದು ನಾರಾಯಣ ಮೂರ್ತಿ ಅವರು 2023ರಲ್ಲಿ ಹೇಳಿದಾಗ ದೇಶದಲ್ಲೆಲ್ಲ ಚರ್ಚೆಯಾಯಿತು, ಒಪ್ಪಿದವರೂ ಇದ್ದರು, ಒಪ್ಪದವರೂ ಇದ್ದರು. ಕಂಪನಿ ಕಟ್ಟಿದ್ದಕ್ಕೆ ಸಂದ ಗೌರವ ಉಳಿದೆಲ್ಲ ವಿಷಯಗಳಲ್ಲಿ ತೀರ್ಪು ಹೇಳುವ ಅಧಿಕಾರವಾಗುವುದಿಲ್ಲ.

ಫಲಕ ಸಿಗದ ನಾಯಕತ್ವ

ಸತ್ಯಂ ಕಥೆಯಲ್ಲಿ ಇನ್ನೊಂದು ಭಾಗವನ್ನು ಜನ ಮರೆತಿದ್ದಾರೆ. ಪತ್ರ ಬಹಿರಂಗವಾದ ದಿನ ಕಂಪನಿಯಲ್ಲಿ ಸುಮಾರು 50,000 ಉದ್ಯೋಗಿಗಳಿದ್ದರು. ಮುಂದಿನ ತಿಂಗಳ ಸಂಬಳ ಬರುತ್ತದೋ ಇಲ್ಲವೋ ಗೊತ್ತಿರಲಿಲ್ಲ. ಗೃಹಸಾಲದ ಕಂತು, ಮಕ್ಕಳ ಶುಲ್ಕ ಎಲ್ಲರ ತಲೆಯ ಮೇಲೂ ಇತ್ತು. ಆದರೂ ಸಾವಿರಾರು ಜನ ತಮ್ಮ ಮೇಜಿನಲ್ಲಿ ಕುಳಿತು ವಿದೇಶಿ ಗ್ರಾಹಕರ ಕೆಲಸ ನಿಲ್ಲದಂತೆ ನೋಡಿಕೊಂಡರು. ಸರ್ಕಾರ ಹಳೆಯ ಮಂಡಳಿಯನ್ನು ತೆಗೆದು ಹೊಸ ಮಂಡಳಿ ನೇಮಿಸಿತು. ಆ ಮಂಡಳಿ ಕಂಪನಿಯೊಳಗಿನ ಹಳಬರೊಬ್ಬರನ್ನೇ ಮುಖ್ಯಸ್ಥರನ್ನಾಗಿ ಮಾಡಿತು. 2009ರ ಏಪ್ರಿಲ್‌ನಲ್ಲಿ ಟೆಕ್ ಮಹೀಂದ್ರ ಹರಾಜಿನಲ್ಲಿ ಕಂಪನಿಯನ್ನು ಪಡೆಯಿತು. ಮೂರೇ ತಿಂಗಳಲ್ಲಿ ಮುಳುಗುವ ಹಡಗು ದಡ ಸೇರಿತು.

ಗಮನಿಸಿದರೆ, ನಾಯಕತ್ವ ಎಂಬ ಮಾತಿಗೆ ನಿಜವಾದ ಅರ್ಥ ಬಂದದ್ದು ಆ ಮೂರು ತಿಂಗಳಲ್ಲಿ. ಅವರಲ್ಲಿ ಹೆಚ್ಚಿನವರಿಗೆ ಯಾವ ಹೋಟೆಲಿನಲ್ಲೂ ಫಲಕ ಕೊಡಲಿಲ್ಲ.

ಆ ಪ್ರಕರಣದಿಂದ ಕಾನೂನೂ ಪಾಠ ಕಲಿಯಿತು. ಪ್ರವರ್ತಕರು ತಮ್ಮ ಷೇರುಗಳನ್ನು ಒತ್ತೆ ಇಟ್ಟಿದ್ದರೆ ಬಹಿರಂಗಪಡಿಸಬೇಕೆಂದು ಸೆಬಿ 2009ರ ಜನವರಿಯಲ್ಲೇ ಕಡ್ಡಾಯ ಮಾಡಿತು. 2013ರ ಕಂಪನಿ ಕಾಯ್ದೆಯಲ್ಲಿ ದೊಡ್ಡ ಕಂಪನಿಗಳು ನಿಗದಿತ ಅವಧಿಗೊಮ್ಮೆ ಪರಿಶೋಧಕರನ್ನು ಬದಲಿಸಬೇಕೆಂಬ ನಿಯಮ ಬಂತು. ಸಣ್ಣ ಹೂಡಿಕೆದಾರರು ಒಟ್ಟಾಗಿ ದಾವೆ ಹೂಡಲು ಅವಕಾಶ ದೊರೆಯಿತು. ಲೆಕ್ಕಪರಿಶೋಧಕರ ಮೇಲೆ ನಿಗಾ ಇಡಲು 2018ರಲ್ಲಿ ಪ್ರತ್ಯೇಕ ಪ್ರಾಧಿಕಾರವೂ ಸ್ಥಾಪನೆಯಾಯಿತು.

ಮನೆಯಲ್ಲಿ ಮತ್ತು ಸಂಘದಲ್ಲಿ ಮಾಡಬಹುದಾದದ್ದು

ಪ್ರಶಸ್ತಿ ಸುದ್ದಿ ಓದಿದಾಗ ಕೆಲವು ಪ್ರಶ್ನೆಗಳನ್ನು ಕೇಳಿಕೊಂಡರೆ ಸಾಕು. ಕೊಟ್ಟವರು ಯಾರು? ಪಡೆದವರಿಂದ ಹಣ ತೆಗೆದುಕೊಂಡಿದ್ದಾರೆಯೇ? ಆಯ್ಕೆಯ ಮಾನದಂಡ ಪ್ರಕಟವಾಗಿದೆಯೇ? ಒಂದು ವರ್ಷದ ಕೆಲಸಕ್ಕೋ, ಬಹುಕಾಲದ ಕೆಲಸಕ್ಕೋ? ತಪ್ಪು ಕಂಡರೆ ಹಿಂಪಡೆಯುವ ನಿಯಮ ಇದೆಯೇ?

ಹಣ ಹೂಡುವವರು ಫಲಕ ಬಿಟ್ಟು ವಾರ್ಷಿಕ ವರದಿ ನೋಡಬೇಕು. ಲಾಭ ಎಷ್ಟು ತೋರಿಸಿದ್ದಾರೆ ಎಂಬುದರ ಜೊತೆಗೆ ನಗದು ಎಷ್ಟು ಕೈಗೆ ಬಂದಿದೆ ಎಂಬ ಪುಟವನ್ನೂ ತೆರೆಯಬೇಕು. ಲಾಭ ವರ್ಷವರ್ಷ ಏರುತ್ತ, ನಗದು ಮಾತ್ರ ಬಾರದಿದ್ದರೆ ಅನುಮಾನಿಸಬೇಕು. ಪ್ರವರ್ತಕರ ಷೇರು ಒತ್ತೆಯಲ್ಲಿದೆಯೇ, ಪರಿಶೋಧಕರು ಅವಧಿಗೆ ಮುನ್ನ ರಾಜೀನಾಮೆ ಕೊಟ್ಟಿದ್ದಾರೆಯೇ ಎಂಬ ಮಾಹಿತಿ ಷೇರುಪೇಟೆಗಳ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಇದಕ್ಕೆ ದೊಡ್ಡ ಓದು ಬೇಕಿಲ್ಲ. ಖಾತೆ ಪುಸ್ತಕ ಬರೆದು ಅಭ್ಯಾಸ ಇರುವ ಮನೆಗಳಿಗೆ ಇದು ಕಷ್ಟವೂ ಅಲ್ಲ.

ಕೆಲಸಕ್ಕೆ ಸೇರುವ ಮಕ್ಕಳು ಕಂಪನಿಯ ಪ್ರಶಸ್ತಿಗಳ ಪಟ್ಟಿಗಿಂತ ಅಲ್ಲಿ ಐದಾರು ವರ್ಷ ಕೆಲಸ ಮಾಡಿದವರ ಮಾತು ಕೇಳುವುದು ಒಳ್ಳೆಯದು. 2025ರ ಜುಲೈನಲ್ಲಿ ದೇಶದ ಅತಿ ದೊಡ್ಡ ಐಟಿ ಕಂಪನಿಯೇ ಸುಮಾರು 12,000 ಉದ್ಯೋಗ ಕಡಿತ ಪ್ರಕಟಿಸಿದ ಮೇಲೆ ಯಾವ ಹೆಸರೂ ಶಾಶ್ವತ ಭದ್ರತೆ ಅಲ್ಲ ಎಂಬುದು ಎಲ್ಲರಿಗೂ ಮನವರಿಕೆಯಾಗಿದೆ.

ಸಮಾಜದ ಸಂಘಗಳೂ ಯುವಕ ಮಂಡಳಿಗಳೂ ವಾರ್ಷಿಕ ಸಮಾರಂಭಗಳಲ್ಲಿ ಐಟಿ ಕ್ಷೇತ್ರದ ಸಾಧಕರನ್ನು ಸನ್ಮಾನಿಸುತ್ತವೆ. ಅದು ಮುಂದುವರಿಯಲಿ. ಆದರೆ ಹುದ್ದೆಯ ಹೆಸರು, ಸಂಬಳದ ಮೊತ್ತ, ಸಂಘಕ್ಕೆ ಕೊಟ್ಟ ದೇಣಿಗೆ ಇವೇ ಅಳತೆಯಾಗಬಾರದು. ದೇಣಿಗೆ ಕೊಟ್ಟವರಿಗೆ ದಾನಿ ಎಂದೇ ಗೌರವ ಕೊಡಬಹುದು, ಅದಕ್ಕೆ ನಾಯಕತ್ವದ ಹೆಸರು ಬೇಡ. ಕಿರಿಯರಿಗೆ ಕೆಲಸ ಕಲಿಸಿದವರು, ಕಷ್ಟದ ಹೊತ್ತಿನಲ್ಲಿ ಕೈಕೆಳಗಿನವರನ್ನು ಕೈಬಿಡದವರು, ಮೇಲಿನವರು ತಪ್ಪು ಲೆಕ್ಕಕ್ಕೆ ಸಹಿ ಕೇಳಿದಾಗ ಆಗದು ಎಂದವರು ಸಿಕ್ಕರೆ ವೇದಿಕೆಯ ಮೊದಲ ಕುರ್ಚಿ ಅವರಿಗೆ ಸಲ್ಲಬೇಕು. ಅಂಥವರು ತಾವಾಗಿ ಅರ್ಜಿ ಹಾಕುವುದಿಲ್ಲ, ಹುಡುಕಬೇಕಾಗುತ್ತದೆ. ಸನ್ಮಾನಿತರಿಂದ ಒಂದು ಮಾತನ್ನೂ ಪಡೆಯಬಹುದು: ವರ್ಷದಲ್ಲಿ ಎರಡು ಭಾನುವಾರ ವಿದ್ಯಾರ್ಥಿಗಳ ಜೊತೆ ಕುಳಿತು ಮಾರ್ಗದರ್ಶನ ಮಾಡುವುದು.

ಚಿನ್ನದ ಅಂಗಡಿಯಲ್ಲಿ ಒಡವೆಯ ಹೊಳಪು ನೋಡಿ ಯಾರೂ ಬೆಲೆ ಕಟ್ಟುವುದಿಲ್ಲ. ಒರೆಗಲ್ಲಿಗೆ ಉಜ್ಜಿ, ತಕ್ಕಡಿಗೆ ಹಾಕಿದ ಮೇಲೆಯೇ ಮಾತು. ಒಳ್ಳೆಯ ಚಿನ್ನಕ್ಕೆ ಒರೆಗಲ್ಲಿನ ಭಯವಿಲ್ಲ. ಯೋಗ್ಯ ನಾಯಕರಿಗೂ ಪ್ರಶ್ನೆಗಳ ಭಯ ಇರಲಾರದು.